ಇಲ್ಲದ ಹುಡುಗನ ಅಜ್ಜಿ

ಜೂನ್ 12

ಮೈದುನ ಮಹಾರಾಯನಿಗೆ,

ನಿನ್ನ ಅಣ್ಣ ಕ್ಷೇಮ, ನಾನು ಕ್ಷೇಮ. ನೀನು ಬಿಟ್ಟುಹೋದ ಗಿಟಾರಿಗೆ ಎರಡು ತಂತಿ ಇಲ್ಲ, ಅದನ್ನು ಬಿಟ್ಟರೆ ಮನೆಯಲ್ಲಿ ಎಲ್ಲ ಸರಿಯಿದೆ. ಇದನ್ನು ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಟೈಪ್ ಮಾಡಿದರೆ ಅದು ಎಲ್ಲೆಲ್ಲಿ ಸುತ್ತಾಡಿ ನಿನ್ನ ಹತ್ತಿರ ಬರುತ್ತದೋ ಗೊತ್ತಿಲ್ಲ. ನಗಬೇಡ.

ನಮ್ಮ ಶಾಲೆಗೆ ನಿಮ್ಮ ಕಂಪನಿಯ ಯಂತ್ರ ಬಂದಿದೆ. ನೀನು ಊರೂರು ತಿರುಗಿ ಮೇಷ್ಟ್ರುಗಳಿಗೆ ಹೇಳಿಕೊಡುತ್ತೀಯಲ್ಲ, ಅದೇ. ಸ್ಟಾಫ್ ರೂಮಿನಲ್ಲಿ ಅದಕ್ಕೆ ‘ಜಾಣಪ್ಪ’ ಎಂದು ಹೆಸರಾಗಿದೆ. ವಾರದ ಪಾಠಗಳನ್ನೆಲ್ಲ ಇನ್ನು ಮುಂದೆ ಜಾಣಪ್ಪನನ್ನು ಕೇಳಿಯೇ ತಯಾರು ಮಾಡಬೇಕು ಎಂದು ಹೆಡ್ ಮೇಡಂ ಹೇಳಿದ್ದಾರೆ. ಕೇಳುವುದಕ್ಕೂ ಒಂದು ವಿದ್ಯೆ ಇದೆಯಂತೆ, ಅದಕ್ಕೆ ಪ್ರಾಂಪ್ಟ್ ಅನ್ನುತ್ತಾರಂತೆ. ನಾನು ‘ಐದನೇ ತರಗತಿಗೆ ಭಿನ್ನರಾಶಿ ಪಾಠ ಮಾಡಿಕೊಡು’ ಅಂತ ಕೇಳಿದೆ. ಉದ್ದಕ್ಕೆ ಬಂತು ನೋಡು ಪುಟದ ಮೇಲೆ ಪುಟ. ಪ್ರತಿ ಪುಟದಲ್ಲೂ ಒಂದು ಕೇಕು. ಕೇಕು ಕತ್ತರಿಸಿ, ಹಂಚಿ, ಬಣ್ಣ ಬಳಿಯಿರಿ. ನನ್ನ ಮಕ್ಕಳಿಗೆ ಕೇಕು ಕಂಡರೆ ಭಿನ್ನರಾಶಿ ನೆನಪಾಗುತ್ತದೆಯೇ? ಬಾಯಲ್ಲಿ ನೀರು ಬರುತ್ತದೆ ಅಷ್ಟೆ.

ಇನ್ನೊಂದು ಮಾತು. ಮೊದಲ ವರ್ಷ ಪೂರ್ತಿ ಬಿಟ್ಟಿಯಂತೆ. ನಿನ್ನ ಕಂಪನಿ ನಮ್ಮ ಮೇಲೆ ಯಾಕಪ್ಪಾ ಇಷ್ಟು ಪ್ರೀತಿ ಸುರಿಸುತ್ತಿದೆ?

ನಿನ್ನ ಅತ್ತಿಗೆ


ಜೂನ್ 14

ಅತ್ತಿಗೆ,

ನಾನು ಬರೀತಿಲ್ಲ, ಫೋನಿಗೆ ಹೇಳ್ತಿದೀನಿ, ಅದೇ ಅಕ್ಷರ ಮಾಡ್ಕೊಳ್ತಿದೆ. ರೂಮಲ್ಲಿ ನನ್ನ ಜೊತೆಗಿರೋ ಅಡುಗೆಯವನೂ ಎಲೆಕ್ಟ್ರಿಷಿಯನ್ನೂ ಪೈಪೋಟಿ ಮೇಲೆ ಗೊರಕೆ ಹೊಡೀತಿದಾರೆ, ಅದಕ್ಕೆ ಮಹಡಿ ಮೆಟ್ಟಿಲ ಮೇಲೆ ಕೂತಿದೀನಿ. ಮಧ್ಯೆ ಗೊರ್ ಗೊರ್ ಅಂತ ಅಕ್ಷರ ಬಂದ್ರೆ ಅದು ನಂದಲ್ಲ.

ನಿಮ್ಮ ಪ್ರಾಂಪ್ಟು ಹೇಗಿದೆ ಅಂದ್ರೆ, ಆಟೋ ಹತ್ತಿ ‘ನಡಿ’ ಅಂದಂಗಿದೆ. ಅವನು ಎಲ್ಲಿಗೆ ಅಂತ ಹೋಗಬೇಕು? ತನಗೆ ಗೊತ್ತಿರೋ ಕಡೆ ಹೋದ. ಅದಕ್ಕೆ ಗೊತ್ತಿರೋದು ಕೇಕು.

ನಾನು ಮೇಷ್ಟ್ರುಗಳಿಗೆ ಹೇಳೋದು ಒಂದೇ. ನಾಳೆ ನೀವು ರಜ ಹಾಕ್ತೀರಿ ಅನ್ಕೊಳ್ಳಿ. ನಿಮ್ಮ ಕ್ಲಾಸಿನ ಮುಖಾನೇ ನೋಡದಿರೋ ಬದಲಿ ಮೇಷ್ಟ್ರು ಬರ್ತಾರೆ. ಅವರಿಗೆ ಒಂದು ಚೀಟಿ ಬರೆದಿಡಿ. ಮಕ್ಕಳಿಗೆ ಈಗಾಗ್ಲೇ ಏನು ಬರುತ್ತೆ, ಎಲ್ಲಿ ಎಡವ್ತಾರೆ, ರೂಮಲ್ಲಿ ಏನೇನು ಸಾಮಾನಿದೆ, ಎಷ್ಟು ಹೊತ್ತು ಟೈಮಿದೆ, ಯಾವ ಉದಾಹರಣೆ ಬೇಡ. ಎಲ್ಲಾ ಹೇಳಿ. ಆಮೇಲೆ ‘ಪಾಠ ಬರೆಯೋಕೆ ಮುಂಚೆ ನಿನಗೇನು ಅನುಮಾನ ಇದೆ, ನನ್ನ ಕೇಳು’ ಅಂತ ಸೇರಿಸಿ. ಅದು ಕೇಳುತ್ತೆ. ಮೊದಲು ಕೊಟ್ಟಿದ್ದನ್ನ ಒಪ್ಕೋಬೇಡಿ, ‘ಇದು ಉದ್ದ ಆಯ್ತು, ಇದು ನನ್ನ ಮಕ್ಕಳಿಗೆ ಹಿಡಿಸಲ್ಲ’ ಅಂತ ತಿರುಗಿಸಿ ಕಳಿಸಿ. ಅಣ್ಣನ ಹತ್ರ ತರಕಾರಿ ವಾಪಸ್ ಕಳಿಸ್ತೀರಲ್ಲ, ಅದೇ ಧಾಟಿ. ಲೆಕ್ಕ ಮಾತ್ರ ನೀವೇ ಒಂದ್ಸಲ ಮಾಡಿ ನೋಡಿ. ಸುಳ್ಳು ಹೇಳುವಾಗ್ಲೂ ಅದರ ಮುಖ ಕೆಂಪಾಗಲ್ಲ.

ಬಿಟ್ಟಿ ಯಾಕೆ ಅಂದ್ರಾ? ರುಚಿ ಹತ್ತಿಸೋಕೆ. ಅದರಲ್ಲಿ ಗುಟ್ಟೇನಿಲ್ಲ ಅತ್ತಿಗೆ.

ನಿಮ್ಮ ಮೈದುನ


ಜುಲೈ 3

ಮೈದುನನಿಗೆ,

ನಿನ್ನ ಚೀಟಿ ಉಪಾಯ ಫಲಿಸಿತು. ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ.

ನನ್ನ ಕ್ಲಾಸಿನಲ್ಲಿ ಒಬ್ಬಳಿದ್ದಾಳೆ. ಎಲ್ಲರೂ ಗುಬ್ಬಿ ಅನ್ನುತ್ತಾರೆ, ಅಷ್ಟೇ ಗಾತ್ರ. ಕಾಲು ದೊಡ್ಡದೋ ಮೂರನೇ ಒಂದು ದೊಡ್ಡದೋ ಎಂದರೆ ಕಾಲೇ ದೊಡ್ಡದು ಅನ್ನುತ್ತಾಳೆ, ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದು ನನಗೇ ಪಾಠ ಹೇಳುತ್ತಾಳೆ. ಅವಳ ತಾಯಿ ಬಟ್ಟೆ ಹೊಲಿಯುತ್ತಾರೆ. ಇದನ್ನೆಲ್ಲ ಜಾಣಪ್ಪನಿಗೆ ಬರೆದೆ. ರಾತ್ರಿ ತಾಯಿಯ ಜೊತೆ ಕೂತು ಗುಂಡಿ ಹಚ್ಚುತ್ತಾಳೆ, ಅದಕ್ಕೇ ಕೊನೆಯ ಪೀರಿಯಡ್ಡಿನಲ್ಲಿ ತೂಕಡಿಸುತ್ತಾಳೆ ಎಂದೂ ಬರೆದೆ. ಬದಲಿ ಮೇಷ್ಟ್ರಿಗೆ ಹೇಳಬೇಕಾದ ಮಾತಲ್ಲವೇ ಅದು? ‘ಕೇಕು ತಂದರೆ ಜೋಕೆ’ ಎಂದೂ ಸೇರಿಸಿದೆ.

ಒಂದೇ ಉದ್ದದ ಬಟ್ಟೆಪಟ್ಟಿಗಳನ್ನು ಮಡಿಸಿ ಕತ್ತರಿಸುವ ಪಾಠ ಕೊಟ್ಟಿತು. ಗುಬ್ಬಿ ಎರಡು ತುಂಡುಗಳನ್ನು ಪಕ್ಕಪಕ್ಕ ಹಿಡಿದು ನೋಡಿದಳು. “ಅಯ್ಯೋ ಮಿಸ್, ಜಾಸ್ತಿ ಜನಕ್ಕೆ ಹಂಚಿದ್ರೆ ಚೂರು ಚಿಕ್ಕದಾಗುತ್ತಲ್ಲ! ಮೊದಲೇ ಹೇಳಬಾರದಾ?” ಅಂದಳು. ಒಂದು ತಿಂಗಳಿಂದ ಅದನ್ನೇ ಹೇಳುತ್ತಿದ್ದೆ ತಾಯೀ ಅಂದೆ.

ಈಗ ಕೇಳು. ನಿನ್ನೆ ವರಾಂಡದಲ್ಲಿ ಹೆಡ್ ಮೇಡಂ ಎದುರಾದರು. “ಏನ್ರೀ, ನಿಮ್ಮ ಹೊಲಿಗೆಯವರ ಮಗು ಇನ್ನೂ ಕ್ಲಾಸಲ್ಲಿ ನಿದ್ದೆ ಮಾಡುತ್ತಾ?” ಎಂದು ಕೇಳಿ ನಡೆದುಬಿಟ್ಟರು.

ಜಾಣಪ್ಪನಿಗೆ ಬಿಟ್ಟರೆ ಅವಳ ತೂಕಡಿಕೆಯ ವಿಷಯ ನಾನು ಯಾರಿಗೂ ಹೇಳಿಲ್ಲ. ನಿನ್ನಣ್ಣನಿಗೂ ಹೇಳಿಲ್ಲ.

ಈ ವರ್ಷ ನಮ್ಮಲ್ಲಿ ಮಧ್ಯಾಹ್ನದ ಪಾಳಿ ಶುರುವಾಗುತ್ತದೆ. ಓದಿನಲ್ಲಿ ಹಿಂದಿರುವವರನ್ನು ಅಲ್ಲಿಗೆ ಹಾಕುತ್ತಾರೆ, ಬೆಳಗಿನ ಪಾಳಿಯ ರಿಸಲ್ಟು ಚೆನ್ನಾಗಿ ಕಾಣಲಿ ಎಂದು. ಗುಬ್ಬಿ ಮಧ್ಯಾಹ್ನ ಅಂಗಡಿ ನೋಡಿಕೊಂಡರೆ ತಾನೇ ಅವಳ ತಾಯಿ ಬಟ್ಟೆ ಕೊಟ್ಟುಬರಲು ಹೋಗುವುದು? ಅವಳನ್ನು ಮಧ್ಯಾಹ್ನಕ್ಕೆ ಹಾಕಿದರೆ ಶಾಲೆ ಬಿಟ್ಟಳೆಂದೇ ಲೆಕ್ಕ.

ನಿನ್ನನ್ನು ನೇರವಾಗಿ ಕೇಳುತ್ತೇನೆ. ನಾವು ಜಾಣಪ್ಪನಿಗೆ ಬರೆದದ್ದನ್ನು ಯಾರು ಓದುತ್ತಾರೆ? ನೀನು ಓದುತ್ತೀಯಾ?

ಅತ್ತಿಗೆ


ಜುಲೈ 5

ಅತ್ತಿಗೆ,

ನಾನು ಓದ್ತೀನಾ! ನನ್ನ ಪ್ರೊಜೆಕ್ಟರ್ ವೈರು ಬಿಡಿಸೋಕೇ ನನಗೆ ಟೈಮಿಲ್ಲ. ಬೆಳಿಗ್ಗೆ ಒಂದು ಸ್ಕೂಲು, ಮಧ್ಯಾಹ್ನ ಒಂದು ಸ್ಕೂಲು, ಎಲ್ಲಾ ಕಡೆ ಹಿಂದಿನ ಬೆಂಚಲ್ಲಿ ಕೂತ ಮೇಷ್ಟ್ರು ‘ಇದರಿಂದ ನಮ್ಮ ಕೆಲಸ ಹೋಗುತ್ತಾ’ ಅಂತ ಕೇಳ್ತಾರೆ. ‘ಇಲ್ಲ ಸಾರ್’ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ಆದ್ರೂ ಮ್ಯಾನೇಜರನ್ನ ಕೇಳಿದೆ. ‘ನಮ್ಮ ಕಡೆಯಿಂದ ಯಾರೂ ಓದಲ್ಲ’ ಅಂದ್ರು. ನಿಮ್ಮ ಹೆಡ್ಡು ಕಿಟಕಿಯಿಂದ ಇಣುಕಿ ನೋಡಿರ್ತಾರೆ. ತೂಕಡಿಸೋ ಮಗು ಯಾರ ಕಣ್ಣಿಗೂ ಬೀಳುತ್ತೆ. ಹೊಲಿಗೆ ವಿಷಯ ಯಾರೋ ಹೇಳಿರ್ತಾರೆ, ಬಟ್ಟೆ ಕೊಟ್ಟೋರೇ ಹೇಳಿರಬಹುದು.

ನೀವು ಮದುವೆಯಾಗಿ ಬಂದಾಗಿನಿಂದ್ಲೂ ಹೀಗೇ. ಹಾಲಿಗೆ ನೀರು ಬೆರೆಸ್ತಾನೆ ಅಂತ ಹಾಲಿನವನ ಹಿಂದೆ ಹಿಂದೆ ಹೋದೋರು ನೀವು. ತಮಾಷೆಗೆ ಹೇಳ್ದೆ. ಬೇಜಾರು ಮಾಡ್ಕೋಬೇಡಿ.

ಆದ್ರೆ ‘ನೀನು ಓದ್ತೀಯಾ’ ಅಂದಿದ್ದು ನನಗೆ ಹಿಡಿಸಲಿಲ್ಲ ಅತ್ತಿಗೆ.

ನಿಮ್ಮ ಮೈದುನ


ಜುಲೈ 21

ಮೈದುನನಿಗೆ,

ಹಾಲಿನವನು ನೀರು ಬೆರೆಸುತ್ತಿದ್ದ. ಅದನ್ನು ಮರೆಯಬೇಡ.

ಕಿಟಕಿಯಿಂದ ನೋಡಿದರೆ ನಿದ್ದೆ ಕಾಣುತ್ತದೆ, ನಿದ್ದೆ ಯಾಕೆಂದು ಕಾಣುವುದಿಲ್ಲ. ಮೊನ್ನೆ ಮೇಡಂ ಇನ್ನೊಂದು ಮಾತು ಅಂದರು, “ಗುಂಡಿ ಹಚ್ಚೋ ಕೈಗೆ ಗಣಿತ ಎಲ್ಲಿ ಹತ್ತುತ್ತೆ ಬಿಡಿ.” ಗುಂಡಿಯ ವಿಷಯ ಬಟ್ಟೆ ಹೊಲಿಯಲು ಕೊಟ್ಟವರಿಗೂ ಗೊತ್ತಿಲ್ಲ.

ಹಾಗಾಗಿ ಒಂದು ಕೆಲಸ ಮಾಡಿದ್ದೇನೆ. ಇಲ್ಲದ ಹುಡುಗನೊಬ್ಬನನ್ನು ಹುಟ್ಟಿಸಿದ್ದೇನೆ. ಹೆಸರು ಬುಗುರಿ. ನಿಂತಲ್ಲಿ ನಿಲ್ಲುವುದಿಲ್ಲ, ನಿನ್ನ ಹಾಗೆ. ಎಡಗೈ. ಗಂಟೆ ಹೊಡೆದರೆ ಅಳುತ್ತಾನೆ. ಗುಣಾಕಾರ ಬರುತ್ತದೆ, ಭಾಗಾಕಾರದ ಗುರುತು ಕಂಡರೆ ಪುಸ್ತಕ ಮುಚ್ಚುತ್ತಾನೆ. ದಿನಾ ಅವನ ಚಿಕ್ಕಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದು ಬಿಡುತ್ತಾರೆ. ಇವನಿಗಾಗಿ ಮೂರು ಪಾಠ ಕೇಳಿದ್ದೇನೆ. ಜಾಣಪ್ಪ ಬಹಳ ಚೆನ್ನಾಗಿಯೇ ಬರೆದುಕೊಟ್ಟ, ಸುಳ್ಳು ಹೇಳಬಾರದು. ಹದಿನೈದು ಕಡ್ಡಿಗಳನ್ನು ಮೂರು ಡಬ್ಬಿಗೆ ಹಂಚು, ಗುರುತನ್ನು ಕೊನೆಗೆ ತೋರಿಸು ಎಂದ. ಕ್ಲಾಸಿನಲ್ಲಿ ನಿಜವಾಗಿ ಇರುವ ಮಕ್ಕಳಿಂದಲೇ ಅದನ್ನು ಮಾಡಿಸಿದೆ.

ಬುಗುರಿಯ ವಿಷಯ ಜಾಣಪ್ಪನಿಗೆ ಗೊತ್ತು, ನಿನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಈಗ ನೋಡೋಣ.

‘ಬದಲಿ ಮೇಷ್ಟ್ರಿಗೆ ಚೀಟಿ ಬರೆದಿಡಿ’ ಎಂದು ಹೇಳಿಕೊಟ್ಟವನು ನೀನು. ಆ ಬದಲಿ ಯಾರೆಂದು ನೀನು ಕೇಳಲೇ ಇಲ್ಲ, ನಾನೂ ಕೇಳಲಿಲ್ಲ.

ಅತ್ತಿಗೆ


ಆಗಸ್ಟ್ 4

ಅತ್ತಿಗೆ,

ಎರಡು ಸಲ ಫೋನ್ ಮಾಡಿದೆ, ಅಣ್ಣ ಎತ್ತಿ ‘ಅವಳು ಕಾಪಿ ತಿದ್ದುತ್ತಿದ್ದಾಳೆ’ ಅಂದ. ಅಣ್ಣನಿಗೆ ಸುಳ್ಳು ಹೇಳೋಕೆ ಬರಲ್ಲ ಅನ್ನೋದು ನಿಮಗೂ ಗೊತ್ತು.

ಸರಿ, ಕೇಳಿ. ನೀವು ಹೇಳಿದ್ದೇ ನಿಜ.

ನಿನ್ನೆ ನಮ್ಮ ಸೇಲ್ಸಿನವನು ಒಂದು ಸ್ಕೂಲಲ್ಲಿ ಹೆಡ್ಡಿಗೆ ತೋರಿಸ್ತಿದ್ದ, ನಾನು ವೈರ್ ಸುತ್ತುತ್ತಾ ಹಿಂದೆ ನಿಂತಿದ್ದೆ. ಹೆಡ್ಡುಗಳಿಗೆ ಅಂತ ಬೇರೆ ಒಂದು ಪುಟ ಇದೆ. ಮೇಷ್ಟ್ರುಗಳಿಗೆ ಅದು ಕಾಣಲ್ಲ. ಮೇಷ್ಟ್ರುಗಳು ಬರೆದಿದ್ದರಲ್ಲಿ ಯಾವ್ಯಾವ ಮಗು ಬಗ್ಗೆ ಮಾತು ಬಂದಿದೆಯೋ ಅದನ್ನೆಲ್ಲ ಯಂತ್ರಾನೇ ಹೆಕ್ಕಿ ಪ್ರತಿ ಶುಕ್ರವಾರ ಹೆಡ್ಡಿಗೆ ಕೊಡುತ್ತೆ. ಮೇಲೆ ‘ಗಮನ ಬೇಕಾದ ಮಕ್ಕಳು’ ಅಂತ ಚಂದದ ಹೆಸರು. ‘ನಮ್ಮ ಕಡೆಯಿಂದ ಯಾರೂ ಓದಲ್ಲ’ ಅಂತ ಮ್ಯಾನೇಜರ್ ಹೇಳಿದ್ದು ಸುಳ್ಳಲ್ಲ. ನಿಮ್ಮ ಕಡೆಯವರು ಓದ್ತಾರೆ. ನಾನು ಸರಿಯಾಗಿ ಕೇಳಲಿಲ್ಲ ಅಷ್ಟೆ. ಪ್ರಾಂಪ್ಟ್ ಹೇಗೆ ಕೇಳಬೇಕು ಅಂತ ಊರಿಗೆಲ್ಲಾ ಹೇಳ್ಕೊಡ್ತೀನಿ ನೋಡಿ ನಾನು.

ಆಮೇಲೆ ಸೇಲ್ಸಿನವನನ್ನ ಹಿಡಿದು ಕೇಳಿದೆ, ‘ಮೇಷ್ಟ್ರುಗಳಿಗೆ ಯಾಕೆ ಹೇಳಲ್ಲ?’ ಅಂತ. ‘ಹೇಳಿದ್ರೆ ಬರೀತಾರೇನೋ ಪೆದ್ದ?’ ಅಂದ.

ಗುಬ್ಬಿ ಬಗ್ಗೆ ಬರೆದಿದ್ದನ್ನ ಅಳಿಸಿಬಿಡಿ. ಬರೆದು ಎಷ್ಟು ದಿನ ಆಯ್ತೋ ಆಯ್ತು, ಅಳಿಸಿ. ಮತ್ತೆ ಒಂದು ಸಾಲು ಉತ್ತರ ಹಾಕಿ. ಬೈದ್ರೂ ಪರವಾಗಿಲ್ಲ.

ಮೈದುನ


ಆಗಸ್ಟ್ 18

ಮೈದುನನಿಗೆ,

ಅಳಿಸಿದೆ. ತಡವಾಗಿತ್ತು. ಶನಿವಾರ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಸ್ಟಾಫ್ ರೂಮಿನಲ್ಲಿ ಮೀಟಿಂಗು. ಆಡಳಿತ ಮಂಡಳಿಯ ಅಧ್ಯಕ್ಷರೂ ಬಂದು ಕೂತಿದ್ದರು. ಸೋಮವಾರದಿಂದ ಮಧ್ಯಾಹ್ನದ ಪಾಳಿಗೆ ಹೋಗುವವರು ಯಾರ್ಯಾರು ಎಂದು ಹೆಡ್ ಮೇಡಂ ಓದುತ್ತಾ ಬಂದರು.

“ಐದನೇ ಬಿ ಇಂದ ಇಬ್ಬರು. ಹೊಲಿಗೆಯವರ ಮಗಳು ಒಬ್ಬಳು. ಇನ್ನೊಬ್ಬ ಆ ಬುಗುರಿ ಅಂತಾರಲ್ಲ, ಅವನು.”

ಎದ್ದು ನಿಂತೆ.

“ಮನೆಯವರಿಗೆ ಹೇಳಿದೀರಾ ಮೇಡಂ?”

“ಹೇಳದೆ ಮಾಡ್ತೀನೇನ್ರೀ? ಇಬ್ಬರ ಮನೆಯವರ ಹತ್ರಾನೂ ನಾನೇ ಖುದ್ದಾಗಿ ಮಾತಾಡಿದೀನಿ. ಸಂತೋಷವಾಗಿ ಒಪ್ಕೊಂಡ್ರು.”

“ಬುಗುರಿ ಮನೆಯಿಂದ ಯಾರು ಬಂದಿದ್ರು?”

“ಅವರ ಅಜ್ಜಿ. ದಿನಾ ನಡೆಸ್ಕೊಂಡು ಬರೋದು ಅವರೇ ಅಲ್ವಾ? ಪಾಪ, ಮಂಡಿ ನೋವಂತೆ. ‘ಬೆಳಿಗ್ಗೆ ಬೆಳಿಗ್ಗೆ ಆಗಲ್ಲ ತಾಯಿ, ಮಧ್ಯಾಹ್ನ ಆದ್ರೆ ನನಗೂ ಅನುಕೂಲ’ ಅಂದ್ರು.”

ಮಂಡಿ ನೋವನ್ನು ನಾನು ಬರೆದಿರಲಿಲ್ಲ. ಅದು ಮೇಡಂ ತಾವಾಗಿಯೇ ಸೇರಿಸಿದ್ದು.

“ಹಾಗಿದ್ರೆ ಆ ಹುಡುಗನ್ನ ಒಂದ್ಸಲ ಕರೆಸಿ ಮೇಡಂ. ಅಧ್ಯಕ್ಷರೂ ನೋಡಲಿ” ಅಂದೆ.

“ಈಗ ಯಾಕ್ರೀ ಅದೆಲ್ಲಾ?”

“ಕರೆಸಿ, ಅದಕ್ಕೇನಂತೆ” ಎಂದರು ಅಧ್ಯಕ್ಷರು. ಅವರಿಗೆ ಅಲ್ಲಿ ಕೂತು ಬೇಸರ ಬಂದಿತ್ತು ಅಂತ ಕಾಣುತ್ತದೆ.

ಅಟೆಂಡರ್ ಹೋದ. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಳ್ಳುತ್ತಾ ಒಬ್ಬನೇ ಬಂದ. “ಬುಗುರಿ ಅಂತ ಯಾರೂ ಇಲ್ವಂತೆ ಸಾರ್. ಬುಗುರಿ ಬೇಕಾ, ತಂದ್ಕೊಡ್ತೀವಿ ಅಂತ ಮಕ್ಕಳು ನಗ್ತಾ ಇದಾರೆ.”

ಆಗ ಹೇಳಿದೆ. ಆ ಹುಡುಗ ಇಲ್ಲ, ನಾನು ಜಾಣಪ್ಪನಿಗೆ ಮಾತ್ರ ಹೇಳಿದ ಹುಡುಗ ಅವನು, ನಾವು ಬರೆದದ್ದೆಲ್ಲ ಮೇಡಮ್ಮಿಗೆ ಹೋಗುತ್ತದೆ, ನಮಗೆ ಯಾರಿಗೂ ಹಾಗೆಂದು ತಿಳಿಸಿಲ್ಲ. ಪ್ರತಿಯೊಬ್ಬರೂ ತಾವೇನೇನು ಬರೆದಿದ್ದೆವೆಂದು ಒಳಗೇ ನೆನಪು ಮಾಡಿಕೊಳ್ಳುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಪಕ್ಕದಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ “ಅಯ್ಯೋ ರಾಮ” ಎಂದರು. ಅವರು ಏನು ಬರೆದಿದ್ದರೋ.

ಮೇಡಂ, “ಯಂತ್ರದವರದು ಏನೋ ತಪ್ಪಾಗಿದೆ” ಎಂದು ಶುರು ಮಾಡಿದರು.

ಅಧ್ಯಕ್ಷರು ಕೈ ಎತ್ತಿದರು. “ಯಂತ್ರದ್ದು ಆಮೇಲೆ ನೋಡೋಣಮ್ಮ. ಇಲ್ಲದ ಹುಡುಗನ ಅಜ್ಜಿ ಹತ್ರ ನೀವು ಏನು ಮಾತಾಡಿದ್ರಿ, ಅದನ್ನ ಹೇಳಿ.”

ಮೇಡಂ ಪಟ್ಟಿಯನ್ನು ಮಡಚಿ ಫೈಲಿನೊಳಗೆ ಇಟ್ಟರು.

ಇನ್ನು ಮೇಲೆ ತಾಯಿಯೋ ತಂದೆಯೋ ಶಾಲೆಗೆ ಬಂದು, ಕ್ಲಾಸ್ ಟೀಚರ್ ಎದುರಿಗೆ ಒಪ್ಪಿಗೆ ಹೇಳದೆ ಯಾವ ಮಗುವಿನ ಪಾಳಿಯನ್ನೂ ಬದಲಿಸಬಾರದು ಎಂದು ತೀರ್ಮಾನವಾಯಿತು. ಸಂಜೆ ನೇರ ಹೊಲಿಗೆ ಅಂಗಡಿಗೆ ಹೋದೆ. “ಯಾವ ಮೇಡಮ್ಮೂ ಬಂದಿಲ್ಲ ಮಿಸ್, ಫೋನೂ ಮಾಡಿಲ್ಲ. ಮಧ್ಯಾಹ್ನಕ್ಕೆ ಹಾಕಿದ್ರೆ ಬಿಡಿಸಿಬಿಡ್ತಿದ್ದೆ, ಇನ್ನೇನು ಮಾಡಲಿ?” ಅಂದರು ಗುಬ್ಬಿಯ ತಾಯಿ. ಗುಬ್ಬಿ ಯಾರದೋ ತೋಳಿನ ಅಳತೆ ಹಿಡಿದುಕೊಂಡು ನಿಂತಿದ್ದಳು. ಸೋಮವಾರ ಬೆಳಿಗ್ಗೆ ಎಂದಿನ ಹಾಗೆ ಬಂದಳು. ನನ್ನನ್ನು ಐದನೇ ತರಗತಿಯಿಂದ ಒಂದನೆಯದಕ್ಕೆ ಕಳಿಸುವ ಯೋಚನೆ ನಡೆದಿದೆಯಂತೆ. ಇರಲಿ.

ಈಗ ನಿನಗೆ ಹೇಳಬೇಕಾದದ್ದು. ನಿನಗೆ ಬರೆದದ್ದು ಚಿಕ್ಕಪ್ಪ, ಸೈಕಲ್ಲು. ಜಾಣಪ್ಪನಿಗೆ ಬರೆದದ್ದು ಅಜ್ಜಿ, ನಡಿಗೆ. ಮೇಡಂ ಬಾಯಿಂದ ಯಾವುದು ಬರುತ್ತದೆ ಎಂದು ಕಾಯುತ್ತಿದ್ದೆ. ಅದಕ್ಕೇ ನಿನ್ನ ಫೋನು ಎತ್ತಲಿಲ್ಲ, ಉತ್ತರ ಬರೆಯಲಿಲ್ಲ.

ಅಜ್ಜಿ ಬಂದರು. ನನಗೆ ಎಷ್ಟು ಹಗುರವಾಯಿತೆಂದು ನಿನಗೆ ಹೇಗೆ ಹೇಳಲಿ.

ನಿನ್ನ ಅತ್ತಿಗೆ


ಆಗಸ್ಟ್ 20

ಅತ್ತಿಗೆ,

ಹಗುರ ಆಯ್ತಾ. ಒಳ್ಳೇದು.

ಮೂರು ಸಲ ಹೇಳಿ ಮೂರು ಸಲ ಅಳಿಸಿದೀನಿ. ಮಹಡಿ ಮೇಲೆ ಈ ಕಡೆಯಿಂದ ಆ ಕಡೆ ಓಡಾಡಿ ಓಡಾಡಿ, ಕೆಳಗಿನ ಮನೆಯವರು ‘ಯಾರಪ್ಪಾ ಅದು ಮೆರವಣಿಗೆ’ ಅಂತ ಕೂಗಿದ್ರು. ಈಗ ಬಾಯಿಗೆ ಬಂದಂಗೆ ಹೇಳಿಬಿಡ್ತೀನಿ, ಫೋನು ಬರ್ಕೊಳ್ಳಲಿ.

ನಾನು ಆ ಬುಗುರಿನ ನಂಬಿಬಿಟ್ಟಿದ್ದೆ. ಇಲ್ಲ ಅಂತ ನೀವೇ ಬರೆದಿದ್ರಿ, ಆದ್ರೂ ಸೈಕಲ್ ಮುಂದೆ ಎಡಗೈಲಿ ಹ್ಯಾಂಡಲ್ ಹಿಡ್ಕೊಂಡು ಕೂತಿರೋ ಹಂಗೆ ಕಣ್ಣಿಗೆ ಕಟ್ಟಿತ್ತು. ಚಿಕ್ಕಪ್ಪ ಅಂದ್ರಲ್ಲ, ನಿಮಗೆ ಮಕ್ಕಳಾದ್ರೆ ನಾನೂ ಚಿಕ್ಕಪ್ಪ ಆಗೋನೇ ತಾನೇ ಅಂತ ಏನೇನೋ ಅನ್ಕೊಂಡಿದ್ದೆ. ಅದು ನನ್ನ ಹಿಡಿಯೋಕೆ ಇಟ್ಟ ಬೋನು ಅಂತ ಈಗ ಗೊತ್ತಾಯ್ತು. ಜೂನಲ್ಲೇ ‘ನೀನು ಓದ್ತೀಯಾ’ ಅಂತ ಕೇಳಿ, ‘ಇಲ್ಲ’ ಅಂದ್ರೆ ನಂಬಬಹುದಿತ್ತು. ಅಲ್ಲ, ಜುಲೈ. ಜುಲೈಯಲ್ಲೇ ಕೇಳಿದ್ದು. ಕೇಳಿದ್ರಿ, ಹೇಳಿದೆ, ನಂಬಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ರೂ ನಂಬ್ತಿರಲಿಲ್ಲ. ಅದೇ ಕಷ್ಟ.

ನಿನ್ನೆ ಒಂದು ಸ್ಕೂಲಲ್ಲಿ ಪ್ರೊಜೆಕ್ಟರ್ ಹಾಕಿದೆ. ಬದಲಿ ಮೇಷ್ಟ್ರ ಚೀಟಿ ಕಥೆ ಬಿಟ್ಟೆ. ಬೇರೆ ಹೇಳಿದೆ. ‘ನೋಡಿ, ಮಗೂನ ಬರೀಬೇಡಿ. ಮಗು ಮಾಡೋ ತಪ್ಪನ್ನ ಬರೀರಿ. ಮೂರನೇ ಒಂದಕ್ಕಿಂತ ಕಾಲು ದೊಡ್ಡದು ಅಂತ ಕೆಲವು ಮಕ್ಕಳು ಅನ್ಕೊಂಡಿದಾರೆ, ಬಟ್ಟೆ ಅಳತೆ ಅವರಿಗೆ ಗೊತ್ತು, ಅಷ್ಟು ಸಾಕು. ಯಾರ ಮಗಳು, ಯಾಕೆ ನಿದ್ದೆ, ಮನೇಲಿ ಏನು ಕೆಲಸ, ಅದ್ಯಾವುದೂ ಬೇಡ, ಪಾಠ ಅಷ್ಟೇ ಚೆನ್ನಾಗಿ ಬರುತ್ತೆ’ ಅಂದೆ. ಒಬ್ಬ ಮೇಡಂ ‘ಯಾಕೆ ಬೇಡ?’ ಅಂತ ಕೇಳಿದ್ರು. ‘ನಿಮ್ಮ ಹೆಡ್ಡಿಗೆ ಬೇರೆ ಒಂದು ಪುಟ ಇದೆ, ಕೇಳಿ ನೋಡಿ’ ಅಂದೆ. ನಮ್ಮ ಮ್ಯಾನೇಜರ್ ಬಾಗಿಲ ಹತ್ರ ನಿಂತಿದ್ರು. ನಾಳೆ ಬೆಳಿಗ್ಗೆ ಬಂದು ನನ್ನ ನೋಡು ಅಂದಿದಾರೆ. ಏನಾಗುತ್ತೋ. ಎಲೆಕ್ಟ್ರಿಷಿಯನ್ ತನ್ನ ಜೊತೆ ವೈರ್ ಎಳೆಯೋಕೆ ಬಾ ಅಂತಿದಾನೆ, ವೈರಂತೂ ನನಗೆ ಅಭ್ಯಾಸ ಇದೆ.

ಒಂದೇ ಒಂದು ಕೇಳ್ತೀನಿ, ಕೇಳಬಾರದು ಅಂತ ಅನಿಸ್ತಿದೆ, ಆದ್ರೂ. ಗುಬ್ಬಿ ಇದಾಳಾ ಅತ್ತಿಗೆ? ಆ ಬಟ್ಟೆ ಚೂರು, ‘ಮೊದಲೇ ಹೇಳಬಾರದಾ ಮಿಸ್’ ಅಂದಿದ್ದು, ಅದೆಲ್ಲಾ ನಿಜಾನಾ? ಇಲ್ಲಾ ಅವಳನ್ನೂ ನನಗೆ ಅಂತಲೇ ಹುಟ್ಟಿಸಿದ್ರಾ?

ಮೈದುನ


ಸೆಪ್ಟೆಂಬರ್ 2

ಮೈದುನ,

ನಿನ್ನ ಪ್ರಶ್ನೆ ಓದಿ ಎರಡು ದಿನ ಸಿಟ್ಟಾಗಿದ್ದೆ. ಮೂರನೇ ದಿನ, ಹೀಗೆ ಅನುಮಾನಿಸುವುದನ್ನು ನಿನಗೆ ಹೇಳಿಕೊಟ್ಟವಳು ನಾನೇ ಎಂದು ಗೊತ್ತಾಯಿತು. ನಿನ್ನಣ್ಣ, “ಬರೆದು ಹಾಕು, ಪಾಪ, ನಿದ್ದೆ ಮಾಡಿರಲ್ಲ ಅವನು” ಅಂದ. ಬರೆಯಲು ಕೂತೆ. ಅವಳ ನಿಜವಾದ ಹೆಸರು, ಅಂಗಡಿ ಇರುವ ಬೀದಿ, ಯಾವ ಬೆಂಚು, ಎಲ್ಲ ಬರೆದರೆ ನೀನು ನಂಬುತ್ತೀಯ. ಪೆನ್ನು ಹಿಡಿದುಕೊಂಡೇ ಇದ್ದೆ. ನೀನು ಇದನ್ನು ಓದುವುದು ಕಂಪನಿ ಕೊಟ್ಟ ಫೋನಿನಲ್ಲಿ. ನೀನು ಅಲ್ಲಿ ಕೆಲಸದಲ್ಲಿ ಉಳಿದಿದ್ದೀಯೋ ಇಲ್ಲವೋ, ಫೋನು ಯಾರ ಕೈಯಲ್ಲಿದೆಯೋ ನನಗೆ ತಿಳಿಯದು.

ಅದಕ್ಕೆ ಬರೆಯುವುದಿಲ್ಲ.

ಐದನೇ ಬಿ ಇನ್ನೂ ನನ್ನದೇ. ಬೆಳಗಿನ ಪಾಳಿಯಲ್ಲಿ ನನ್ನ ಮಕ್ಕಳು ಒಬ್ಬರೂ ಕಡಿಮೆಯಾಗಿಲ್ಲ. ಈ ವಾರ ದಶಮಾಂಶ ಶುರು ಮಾಡಿದ್ದೇನೆ, ಕೊನೆಯ ಪೀರಿಯಡ್ಡಿನಲ್ಲಿ ಒಂದು ತಲೆ ತೂಕಡಿಸುತ್ತದೆ, ನಾನು ಎಬ್ಬಿಸುವುದಿಲ್ಲ. ಅದು ಯಾರ ತಲೆ ಎಂದು ನೋಡಬೇಕಾದರೆ ರೈಲು ಹತ್ತಿ ಬಾ.

ಅತ್ತಿಗೆ